ಎಡಗೈಯ ಅರ್ಧ ಇಂಚು

2003ರ ಮೇ 12, ಸೋಮವಾರ, ಬೆಳಿಗ್ಗೆ 10.40. ಮಾಲೂರು ಠಾಣೆಯ ಫ್ಯಾನು ತಿರುಗುತ್ತಿದೆಯೋ ನಿಂತಿದೆಯೋ ಎಂದು ತೀರ್ಮಾನಿಸಲು ಇಬ್ಬರು ಪಂಚರು ಬೇಕಾಗುವಂಥ ಸೆಖೆ. ಇನ್ಸ್‌ಪೆಕ್ಟರ್ ಚನ್ನರಾಯಪ್ಪ ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದಾಗ ಬಿಳಿ ಪಂಚೆಯ ಹಿರಿಯರೊಬ್ಬರು ಒಳಗೆ ಬಂದು ಮೇಜಿನ ಮೇಲೆ ಒಂದು ದಾರದ ಉಂಡೆ ಇಟ್ಟರು.

"ಇದೇನು ರಾಯರೇ?"

"ಸಾಕ್ಷಿ," ಅಂದರು ಅವರು.

ಅವರ ಹೆಸರು ಸೀತಾರಾಮ ರಾವ್. ಮುಳಬಾಗಿಲಿನ ಒಂದು ಹಳೇ ದೇವಸ್ಥಾನದ ಅರ್ಚಕರು. ಗುಡಿಗೆ ಹೊಸ ವೆಂಕಟರಮಣನ ವಿಗ್ರಹ ಬೇಕೆಂದು ಶಿವಾರಪಟ್ಟಣದ ಶಿಲ್ಪಶಾಲೆಗೆ ಹೇಳಿದ್ದರು. ನಾಲ್ಕೂವರೆ ಅಡಿ, ಕರಿಕಲ್ಲು. ಜೂನ್ 9ಕ್ಕೆ ಪ್ರತಿಷ್ಠಾಪನೆ. ಹಿಂದಿನ ದಿನ ನೋಡಲು ಹೋದವರು ದಾರ ಹಿಡಿದು ಅಳೆದರೆ ಎಡ ಮುಂಗೈ ಬಲ ಮುಂಗೈಗಿಂತ ಅರ್ಧ ಇಂಚು ಉದ್ದ.

"ಅರ್ಧ ಇಂಚಿಗೆ ಕೇಸಾ?" ಎಂದರು ಚನ್ನರಾಯಪ್ಪ.

"ನಿಮ್ಮ ಲಾಠಿ ಅರ್ಧ ಇಂಚು ಉದ್ದ ಇದ್ರೆ ಪರವಾಗಿಲ್ಲ ಸ್ವಾಮಿ. ದೇವರ ಕೈ ಹಾಗಿರೋ ಹಾಗಿಲ್ಲ. ಅಂಗದಲ್ಲಿ ದೋಷ ಇರೋ ಮೂರ್ತೀನ ಗರ್ಭಗುಡಿಯಲ್ಲಿ ಇಡಲ್ಲ. ಕೆತ್ತಿದೋನು ಪೆದ್ದಪ್ಪ ಆಚಾರಿ. ಬೇಕು ಅಂತಲೇ ಕೆಡಿಸಿದ್ದಾನೆ. ನಲವತ್ತು ವರ್ಷದ ಕೈ, ಕಣ್ಣು ಮುಚ್ಚಿ ಕೆತ್ತಿದರೂ ತಪ್ಪಲ್ಲ ಅದು."

ಅಪರಾಧ ಸಂಖ್ಯೆ 87/2003, ಕಲಂ 420, 427 ಎಂದು ಎಫ್‌ಐಆರ್ ದಾಖಲಾಯಿತು. ದಾರದ ಉಂಡೆಯನ್ನೂ ಜಪ್ತಿ ಮಾಡಬೇಕೇ ಎಂದು ಹೆಡ್ ಕಾನ್‌ಸ್ಟೇಬಲ್ ಶ್ರೀನಿವಾಸಪ್ಪ ಕೇಳಿದ. ಅವನು ಗೌನಿಪಲ್ಲಿಯವನು. ಕನ್ನಡದಲ್ಲಿ ವರದಿ ಬರೆಯುತ್ತಿದ್ದ, ತೆಲುಗಿನಲ್ಲಿ ಬೈಯುತ್ತಿದ್ದ.

ಠಾಣೆಯ ಜೀಪು ಇಳಿಜಾರಿನಲ್ಲಿ ಮಾತ್ರ ಸರ್ಕಾರದ ಮಾತು ಕೇಳುವಂಥದ್ದು. ಶಿವಾರಪಟ್ಟಣ ಸೇರುವಷ್ಟರಲ್ಲಿ ಮಧ್ಯಾಹ್ನ 2.10. ಊರಿನ ತುಂಬ ಉಳಿಯ ಸದ್ದು. ಪ್ರತಿ ಮನೆಯ ಮುಂದೆಯೂ ಒಬ್ಬ ದೇವರು ಅರ್ಧ ಹುಟ್ಟಿ ಕುಳಿತಿದ್ದ. ಪಂಚರ ಮುಂದೆ ವಿಗ್ರಹವನ್ನು ಅಳೆದರು. ಬಲ ಮುಂಗೈ ಒಂಬತ್ತು ಇಂಚು. ಎಡ ಮುಂಗೈ ಒಂಬತ್ತೂವರೆ. ರಾಯರ ದಾರ ಸುಳ್ಳು ಹೇಳಿರಲಿಲ್ಲ.

ಪೆದ್ದಪ್ಪ ಆಚಾರಿ ಕಲ್ಲಿನ ಪಕ್ಕದಲ್ಲೇ ನಿಂತಿದ್ದ. ಅರವತ್ತರ ಮನುಷ್ಯ, ರೆಪ್ಪೆಯ ಮೇಲೆಲ್ಲ ಕಲ್ಲಿನ ಪುಡಿ.

"ಯಾಕ್ ಆಚಾರ್ರೇ ಹೀಗೆ ಕೆತ್ತಿದ್ರಿ?"

"ಕಾಗದದಾಗೆ ಅಂಗೇ ಇತ್ತು ಸ್ವಾಮಿ."

"ಯಾವ ಕಾಗದ?"

"ಕಂಪ್ಯೂಟ್ರು ಕೊಡೋ ಕಾಗದ. ಎತ್ತರ ಒತ್ತಿದ್ರೆ ಮೂಗು ಇಷ್ಟು, ಕೈ ಇಷ್ಟು ಅಂತ ಪಟ್ಟಿ ಬತ್ತದೆ. ಎರಡು ಕೈಗೂ ಲೆಕ್ಕ ಕೂಡಲ್ಲ ಅಂತ ಅವತ್ತೇ ಹೇಳ್ದೆ. 'ಎಡಗೈ ತೊಡೆ ಮೇಲೆ ಇಳಿಬಿಟ್ಟಿರೋದು, ಅದಕ್ಕೇ ಜಾಸ್ತಿ ಬಂದೈತೆ, ಕಾಗದ ಮೀರಿ ಉಳಿ ಇಡಬ್ಯಾಡ' ಅಂದ್ರು ಯಜಮಾನ್ರು."

"ಆ ಕಾಗದ ಎಲ್ಲಿ?"

"ಮೂರು ತಿಂಗಳಾಯ್ತಲ್ಲ. ಎಲ್ಲೋ ಹೋಯ್ತು."

ಯಜಮಾನ ಅಮರನಾಥ್ ಮುಂದೆ ಬಂದ. ಶಿಲ್ಪಶಾಲೆಗೆ ಕಂಪ್ಯೂಟರ್ ತಂದ ಮೊದಲಿಗ ತಾನೇ ಎಂದು ಎದೆಗೆ ಬೋರ್ಡು ಹಾಕಿಕೊಳ್ಳದಿದ್ದರೂ ನಡೆಯುವಾಗ ಅದು ಕಾಣುತ್ತಿತ್ತು. "ನಾನು ಹಾಗೆ ಹೇಳೇ ಇಲ್ಲ ಸಾರ್. ಕಂಪ್ಯೂಟರ್ ತಪ್ಪು ಹೇಳಲ್ಲ. ಆ ಲೆಕ್ಕದ ಶೀಟು ನಾನೇ ಮಾಡಿದ್ದು. ಬನ್ನಿ, ತೋರಿಸ್ತೀನಿ."

ಗಾಜಿನ ಕೋಣೆಯಲ್ಲಿ ಅನಸೂಯಮ್ಮ ಕುಳಿತಿದ್ದರು. ಇಪ್ಪತ್ತು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಕೀಲಿಮಣೆಯನ್ನು ಅವರು ಒತ್ತುತ್ತಿರಲಿಲ್ಲ, ಕುಟ್ಟುತ್ತಿದ್ದರು. ಎಕ್ಸೆಲ್ ಬೆಳಗ್ಗೆಯಿಂದ ತೆರೆದೇ ಇತ್ತು. ಅದರೊಳಗೆ ಅಳತೆಯ ಶೀಟು ತೆರೆದು ಎತ್ತರದ ಮನೆಯಲ್ಲಿ 54 ಎಂದು ಕುಟ್ಟಿದರು. ಪ್ರಿಂಟರ್ ಕಿರುಗುಟ್ಟಿ ಹಾಳೆ ಕಕ್ಕಿತು. ಬಲ ಮುಂಗೈ 9. ಎಡ ಮುಂಗೈ 9. ಹಾಳೆಯ ತುದಿಯಲ್ಲಿ ದಿನಾಂಕ, ಸಮಯ, ಅದರ ಕೆಳಗೆ 'ಅಳತೆ ರಚನೆ: ಅಮರನಾಥ್'.

ಶೀಟು ಮುಚ್ಚಿ ಮತ್ತೆ ತೆರೆದರು. 9 ಮತ್ತು 9. ಮೂರನೇ ಸಲ, ನಾಲ್ಕನೇ ಸಲ. ಹತ್ತನೇ ಸಲಕ್ಕೆ ಅನಸೂಯಮ್ಮ, "ಇನ್ನೂ ಬೇಕಾ ಸಾರ್? ರಿಬ್ಬನ್ ಸವೀತದೆ," ಎಂದರು.

ಪೆದ್ದಪ್ಪ ಬಾಗಿಲಲ್ಲಿ ನಿಂತು ನೋಡಿದ. ತನ್ನ ಕಲ್ಲಿನ ಕಡೆಗೆ ಹಿಂತಿರುಗಿದ. ಸಂಜೆ ಹೊರಡುವಾಗ ಶ್ರೀನಿವಾಸಪ್ಪ ಊರಿನ ಸುದ್ದಿ ತಂದಿದ್ದ. "ಅವರ ಕುಲದ ಹಿರಿಯರು ಕೂತು ಮಾತಾಡವ್ರೆ ಸಾರ್. ಕೇಸು ಮುಗಿಯೋವರೆಗೂ ಪೆದ್ದಪ್ಪ ಯಾವ ವಿಗ್ರಹಕ್ಕೂ ಕಣ್ಣು ತೆಗೀಬಾರದು ಅಂತ. ತಪ್ಪು ಅವನ ಕೈದೇ ಅಂತ ಆದ್ರೆ ಇನ್ನು ಯಾವತ್ತೂ ಇಲ್ಲ."

"ಕಣ್ಣು ತೆಗೆಯೋದು ಅಂದ್ರೆ?"

"ಕೊನೇಗೆ ಚಿನ್ನದ ಸೂಜಿ ಹಿಡಿದು ಕಣ್ಣಿನ ಗೆರೆ ಬಿಡಿಸೋದು. ಅದು ಆದ್ರೇನೇ ಕಲ್ಲು ದೇವರಾಗೋದು. ನಲವತ್ತು ವರ್ಷದಿಂದ ಈ ಊರಲ್ಲಿ ದೊಡ್ಡ ಮೂರ್ತಿ ಎಲ್ಲದಕ್ಕೂ ಅವನೇ ತೆಗೆದಿರೋದು. ಆ ಕೆಲಸ ಹೋದ್ರೆ ಅವನು ಬರೀ ಕಲ್ಲು ಒಡೆಯೋನು ಸಾರ್."

ಮರುದಿನ ಬೆಳಿಗ್ಗೆ 9.30ಕ್ಕೆ ಪೆದ್ದಪ್ಪನ ಮನೆಯಲ್ಲಿ ಶೋಧ. ಶೋಧಿಸಲು ಅಲ್ಲಿ ಇದ್ದದ್ದು ಒಂದು ಹಜಾರ, ಒಂದು ಅಡುಗೆಮನೆ, ಮತ್ತು ಅವನ ಹೆಂಡತಿ ದೊಡ್ಡಗಂಗಮ್ಮನ ಬಾಯಿ.

"ಕಳ್ಳರ ಮನೆಗೆ ಹೋಗಕ್ಕೆ ಜೀಪಲ್ಲಿ ಡೀಜೆಲ್ ಇರಾಕಿಲ್ಲ, ನಮ್ಮನೆಗೆ ಬರಕ್ಕೆ ಐತೆ," ಅಂದಳು ಆಕೆ. "ಹುಡುಕ್ರಪ್ಪ. ರಾಗಿ ಡಬ್ಬದಾಗೆ ದೇವರ ಕೈ ಬಚ್ಚಿಟ್ಟಿದ್ದೀನಿ."

ಶ್ರೀನಿವಾಸಪ್ಪ ಅಡುಗೆಮನೆಯ ಗೂಡಿನ ಮುಂದೆ ನಿಂತುಬಿಟ್ಟ. ಅಲ್ಲಿ ಹೊಸ ಮಾವಿನ ಉಪ್ಪಿನಕಾಯಿಯ ಜಾಡಿ. ಅವನ ಕಣ್ಣು ಮೊದಲು ಉಪ್ಪಿನಕಾಯಿಗೆ ಬಿತ್ತು ಎಂಬುದನ್ನು ವರದಿಯಲ್ಲಿ ಬರೆಯಲಿಲ್ಲ. ಜಾಡಿಯ ಬಾಯಿಗೆ ಬಟ್ಟೆ, ಬಟ್ಟೆಯ ಮೇಲೆ ಮಡಿಸಿ ಕಟ್ಟಿದ ಒಂದು ಕಾಗದ. ಎಣ್ಣೆ ಹೀರಿದ ಕಾಗದದಲ್ಲಿ ಸಾಲುಸಾಲು ಅಂಕಿ.

"ಅಮ್ಮ, ಇದೆಲ್ಲಿ ಸಿಕ್ತು?"

"ಅವರ ಹಲಗೆಗೆ ಅಂಟಿಸಿದ್ದು. ಕೆಲಸ ಮುಗೀತಲ್ಲ ಅಂತ ಕಿತ್ಕೊಂಡು ಬಂದೆ. ದಪ್ಪ ಕಾಗದ, ಇರುವೆ ಹೋಗಲ್ಲ."

ಪಂಚನಾಮೆ ಮಾಡಿ ಕಾಗದ ಬಿಡಿಸಿದರು. ಎತ್ತರ 54. ಬಲ ಮುಂಗೈ 9. ಎಡ ಮುಂಗೈ 9.5. ತುದಿಯಲ್ಲಿ 06-02-2003, 2.58. ಅದರ ಕೆಳಗಿನ ಸಾಲು ಎಣ್ಣೆಯಲ್ಲಿ ಮಾಸಿತ್ತು. ಪೆದ್ದಪ್ಪ ಗೋಡೆಗೆ ಒರಗಿ ಕುಳಿತುಕೊಂಡ. ದೊಡ್ಡಗಂಗಮ್ಮ ಜಾಡಿಗೆ ಬೇರೆ ಕಾಗದ ಹುಡುಕಲು ಹೋದಳು.

ಚನ್ನರಾಯಪ್ಪನಿಗೆ ಕೇಸು ಮುಗಿದ ಹಾಗನ್ನಿಸಿತು. 11.15ಕ್ಕೆ ಕಾಗದ ಹಿಡಿದು ಶಿಲ್ಪಶಾಲೆಗೆ ನುಗ್ಗಿದರು. ಅಮರನಾಥ್ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ನಮ್ಮ ಶೀಟೇ ಅಲ್ಲ ಸಾರ್. ಎಲ್ಲೋ ಟೈಪ್ ಮಾಡಿಸಿದ್ದಾರೆ," ಎಂದ. ಅನಸೂಯಮ್ಮ ಮತ್ತೆ 54 ಕುಟ್ಟಿದರು. 9, 9. ಇಪ್ಪತ್ತು ಸಲ ಕುಟ್ಟಿದರು. ಇಪ್ಪತ್ತು ಸಲವೂ 9, 9. ಇಪ್ಪತ್ತೊಂದನೇ ಸಲಕ್ಕೆ ಇನ್ಸ್‌ಪೆಕ್ಟರ್ ತಾವೇ ಕುಳಿತು ಒಂದೇ ಬೆರಳಲ್ಲಿ ಒತ್ತಿದರು. ಕಂಪ್ಯೂಟರ್‌ಗೆ ಖಾಕಿಯ ಭಯವೂ ಇರಲಿಲ್ಲ. 9, 9.

"ಕೊಲೆ ಕೇಸು ಕೊಡಲಿ ದೇವರು," ಎಂದರು ಅವರು ಜೀಪಿನಲ್ಲಿ. "ಕೊಲೆಗಾರ ಒಂದು ಸಲ ಸುಳ್ಳು ಹೇಳ್ತಾನೆ, ಇನ್ನೊಂದು ಸಲ ತಬ್ಬಿಬ್ಬಾಗ್ತಾನೆ. ಈ ನನ್ಮಗಂದು ಬೆವರೋದೂ ಇಲ್ಲ."

"ಎರಡು ಬಾರ್‍ಸಿದ್ರೆ?" ಎಂದ ಶ್ರೀನಿವಾಸಪ್ಪ.

"ಯಾರಿಗೆ?"

"ಅದೇ ಸಾರ್, ಡಬ್ಬಕ್ಕೆ."

ಮೇ 15, ಗುರುವಾರ. ಶೀಟನ್ನು ಒಂದು ಫ್ಲಾಪಿಗೆ ನಕಲು ಮಾಡಿ ಮೊಹರು ಹಾಕಿ ಕೋಲಾರಕ್ಕೆ ಒಯ್ದರು. ಅಲ್ಲಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಚಿತ್ರಾ ಎಂಬಾಕೆಗೆ ತಜ್ಞರ ಅಭಿಪ್ರಾಯ ಕೇಳಿ ಪತ್ರ ಹೋಗಿತ್ತು. ಬಸ್ ನಿಲ್ದಾಣದ ಮುಂದೆ ಟೊಮೇಟೊ ಲಾರಿಗಳ ನಡುವೆ ಜೀಪು ನಿಂತುಹೋದ ಕಾರಣ ಇನ್ಸ್‌ಪೆಕ್ಟರ್ ಕಾಲೇಜಿಗೆ ಆಟೋದಲ್ಲಿ ತಲುಪಿದರು. ಸಮಯ 11.50.

ಚಿತ್ರಾ ಫ್ಲಾಪಿ ಹಾಕಿ ಶೀಟು ತೆರೆದಳು. ಪರದೆಯ ಮೇಲೆ ಏನೋ ಪ್ರಶ್ನೆ ಬಂತು. ಒಂದು ಗುಂಡಿ ಒತ್ತಿದಳು. 54. 9, 9.

"ಸರಿಯಾಗೇ ಇದೆಯಲ್ಲ ಸಾರ್."

"ಗೊತ್ತಮ್ಮ. ಅದು ಯಾವಾಗಲೂ ಸರಿಯಾಗೇ ಇರುತ್ತೆ. ಅದೇ ನನ್ನ ಕಷ್ಟ."

ಆರು ಸಲ ತೆರೆದಳು, ಆರು ಸಲ ಮುಚ್ಚಿದಳು. ಇನ್ಸ್‌ಪೆಕ್ಟರ್ ಎದ್ದು ಟೋಪಿ ಹಾಕಿಕೊಂಡರು. ಬಾಗಿಲ ಹತ್ತಿರ ಹೋದವರು ನಿಂತರು. ಮೂವತ್ತು ವರ್ಷ ಸಾಕ್ಷಿಗಳನ್ನು ಕೇಳಿದ ಅಭ್ಯಾಸ ಅದು.

"ತೆರೆದಾಗೆಲ್ಲ ನಿಮ್ಮನ್ನ ಏನೋ ಕೇಳುತ್ತಲ್ಲ, ಏನು ಕೇಳುತ್ತೆ?"

"ಇದರ ಹಿಂದೆ ಮ್ಯಾಕ್ರೋ ಇದೆ, ಅಂದ್ರೆ ತಾನಾಗಿ ಓಡೋ ಪುಟ್ಟ ಪ್ರೋಗ್ರಾಂ, ಓಡಿಸಲಾ ಬೇಡವಾ ಅಂತ. ನಾವು ಯಾವತ್ತೂ ಬೇಡ ಅಂತೀವಿ ಸಾರ್. ವೈರಸ್ ಭಯ."

"ಶಿವಾರಪಟ್ಟಣದ ಮಿಷನ್ನು ಹಾಗೆ ಕೇಳಲ್ಲ."

ಚಿತ್ರಾ ಪರದೆಯ ಕಡೆ ತಿರುಗಿದಳು. "ಹಾಗಿದ್ರೆ ಅಲ್ಲಿ ಯಾರೋ ಕೇಳಬೇಡ ಅಂತ ಹೇಳಿಟ್ಟಿದ್ದಾರೆ." ಶೀಟು ಮತ್ತೆ ತೆರೆದು ಈ ಸಲ ಹೂಂ ಎಂದಳು. 54 ಒತ್ತಿದಳು. ಬಲ ಮುಂಗೈ 9. ಎಡ ಮುಂಗೈ 9.5.

ಶ್ರೀನಿವಾಸಪ್ಪ ಹಾರಿ ನಿಂತ ರಭಸಕ್ಕೆ ಬೆಂಚು ಹಿಂದಕ್ಕೆ ಬಿತ್ತು. "ದೊರಿಕಿನಾಡು ದೊಂಗ," ಎಂದ. ಕಳ್ಳ ಸಿಕ್ಕಿದ ಸಂತೋಷ ತೆಲುಗಿನಲ್ಲೇ ಬರಬೇಕು.

"ಇನ್ನೊಂದು ಸಲ ತೆಗೀರಿ, ಪಂಚರನ್ನ ಕರೀತೀನಿ," ಎಂದರು ಚನ್ನರಾಯಪ್ಪ.

ಕಾಲೇಜಿನ ಇಬ್ಬರು ಗುಮಾಸ್ತರು ಬಂದು ನಿಂತರು. ಚಿತ್ರಾ ಶೀಟು ಮುಚ್ಚಿ ತೆರೆದು ಹೂಂ ಎಂದು 54 ಒತ್ತಿದಳು. 9, 9. ಮತ್ತೆ. 9, 9. ಗುಮಾಸ್ತರು ಪರಸ್ಪರ ಮುಖ ನೋಡಿಕೊಂಡರು. ಇನ್ಸ್‌ಪೆಕ್ಟರ್ ಗೋಡೆ ಕಡೆ ತಿರುಗಿ ನಿಂತು ಹತ್ತರವರೆಗೆ ಎಣಿಸಿದರು. ಸಾಲದೆ ಇಪ್ಪತ್ತರವರೆಗೆ ಎಣಿಸಿದರು. ಕಂಪ್ಯೂಟರ್ ಸಿಕ್ಕಿಹಾಕಿಕೊಂಡಿರಬೇಕೆಂದು ಚಿತ್ರಾ ಅದನ್ನು ಆರಿಸಿ ಮತ್ತೆ ಹಚ್ಚಿದಳು. ಶೀಟು ತೆರೆದು ಒತ್ತಿದಳು. 9, 9.5. ಅದರ ಮುಂದಿನದು 9, 9.

"ಸಾರ್," ಎಂದ ಶ್ರೀನಿವಾಸಪ್ಪ ಮೆಲ್ಲಗೆ, "ಇದು ನಮ್ಮ ಜೀಪಿನ ಥರ. ಹಚ್ಚಿದಾಗ ಒಂದು ಸಲ ಕೆಮ್ಮುತ್ತೆ. ಆಮೇಲೆ ಸುಮ್ಮನೆ ಹೋಗುತ್ತೆ."

ಚಿತ್ರಾ ಶೀಟಿನ ಹಿಂದಿನ ಬರಹ ತೆರೆದಳು. ಇಂಗ್ಲಿಷಿನಲ್ಲಿ ಏಳೆಂಟು ಸಾಲು. ಎರಡು ಸಲ ಓದಿ ನಕ್ಕಳು.

"ನಗಬೇಡಿ ಅಮ್ಮ. ಬಿಡಿಸಿ ಹೇಳಿ."

"ಬಾಗಿಲಿಗೆ ನಾಯಿ ಕಟ್ಟಿದ ಹಾಗೆ ಸಾರ್ ಇದು. ತಾನಾಗಿ ಬೊಗಳಲ್ಲ. ಯಾರಾದರೂ ಎತ್ತರದ ಮನೆಯಲ್ಲಿ ಅಂಕಿ ಒತ್ತಿದರೆ ಎಚ್ಚರ ಆಗುತ್ತೆ, ಎಡ ಮುಂಗೈಗೆ ಒಂದು ಭಾಗ ಜಾಸ್ತಿ ಮಾಡುತ್ತೆ. ಇಡೀ ಮೂರ್ತಿ ನೂರೆಂಟು ಭಾಗ, ನಾಲ್ಕೂವರೆ ಅಡಿಗೆ ಒಂದು ಭಾಗ ಅಂದ್ರೆ ಅರ್ಧ ಇಂಚು. ತಾನೇ ಬರೆದ ಅಂಕಿ ನೋಡಿ ಮತ್ತೆ ತಾನೇ ಬೊಗಳಬಾರದು ಅಂತ, ಬರೆಯೋಕೆ ಮುಂಚೆ ಎಕ್ಸೆಲ್‌ನಲ್ಲಿರೋ ಎಲ್ಲ ನಾಯಿಗಳನ್ನೂ ಮಲಗಿಸುತ್ತೆ. ಅದು ಸರಿಯಾದ ಪದ್ಧತಿನೇ. ಆದರೆ ಕೆಲಸ ಮುಗಿದ ಮೇಲೆ ಏಳಿಸಬೇಕು. ಏಳಿಸೋ ಸಾಲು ಬರೆದೋನು ಮರೆತಿದ್ದಾನೆ. ಅದಕ್ಕೇ ಎಕ್ಸೆಲ್ ಪೂರ್ತಿ ಮುಚ್ಚಿ ತೆರೆಯೋವರೆಗೂ ನಾಯಿ ಏಳಲ್ಲ. ಬರೀ ಶೀಟು ಮುಚ್ಚಿ ತೆರೆದರೆ ಸಾಲದು."

ಚನ್ನರಾಯಪ್ಪ ಕುರ್ಚಿ ಎಳೆದು ಕುಳಿತರು. "ಅಂದ್ರೆ ಎಕ್ಸೆಲ್ ತೆರೆದ ಮೇಲೆ ಬರೋ ಮೊದಲನೇ ಹಾಳೆ ಮಾತ್ರ ತಪ್ಪು. ದಿನಾ ಬೆಳಿಗ್ಗೆ ಒಂದು ಹಾಳೆ ತಪ್ಪು. ಹಾಗಿದ್ರೆ ಶಿವಾರಪಟ್ಟಣದ ಅರ್ಧ ದೇವರುಗಳ ಎಡಗೈ ಉದ್ದ ಇರಬೇಕಿತ್ತಲ್ಲ. ಒಂದೇ ವಿಗ್ರಹ ಯಾಕೆ ಕೆಟ್ಟಿತು?"

ಅದು ಆ ಬರಹದಲ್ಲಿ ಇಲ್ಲ ಎಂದಳು ಚಿತ್ರಾ.

ಮೇ 16, ಶುಕ್ರವಾರ, ಬೆಳಿಗ್ಗೆ 8.45. ಅನಸೂಯಮ್ಮ ಬರುವ ಮೊದಲೇ ಇನ್ಸ್‌ಪೆಕ್ಟರ್ ಗಾಜಿನ ಕೋಣೆಯಲ್ಲಿ ಕುಳಿತಿದ್ದರು. "ನಾನಿಲ್ಲಿ ಇಲ್ಲ ಅಂತ ತಿಳ್ಕೊಂಡು ದಿನಾ ಏನು ಮಾಡ್ತೀರೋ ಅದನ್ನೇ ಮಾಡಿ ತಾಯಿ."

ಅನಸೂಯಮ್ಮ ಚಪ್ಪಲಿ ಹೊರಗೆ ಬಿಟ್ಟರು. ಊದುಬತ್ತಿ ಹಚ್ಚಿದರು. ಕಂಪ್ಯೂಟರ್‌ಗೆ ಕೈಮುಗಿದು ಗುಂಡಿ ಒತ್ತಿದರು. ಎಕ್ಸೆಲ್ ತೆರೆದು, ಶೀಟು ತೆರೆದು, ವಿಗ್ರಹದ ಹೆಸರಿನ ಜಾಗದಲ್ಲಿ 'ಶ್ರೀ ಗಣಪತಿ' ಎಂದು ಟೈಪ್ ಮಾಡಿ ಎತ್ತರಕ್ಕೆ 27 ಕುಟ್ಟಿದರು. ಹಾಳೆ ಬಂತು. ಅದರ ಮೂಲೆಗೆ ಕುಂಕುಮ ಹಚ್ಚಿ ಬೀರುವಿನೊಳಗೆ ಇಟ್ಟರು. ಶೀಟು ಮುಚ್ಚಿ, "ಈಗ ಕೆಲಸ ಸಾರ್," ಎಂದರು.

"ಯಾರು ಹೇಳಿದ್ರು ಗಣಪತಿ?"

"ಯಾರು ಹೇಳಬೇಕು? ಕಲ್ಲಿಗೆ ಉಳಿ ಇಡೋಕೆ ಮುಂಚೆ ಆಚಾರಿಗಳೆಲ್ಲ ಗಣಪತಿಗೆ ಕೈಮುಗೀತಾರೆ. ನಂದು ಉಳಿ ಇದೇ ತಾನೆ? ಬಂದ ದಿನದಿಂದ ಮೊದಲನೇ ಹಾಳೆ ಅವನದೇ."

"ಈ ಅಳತೆಗೆ ಯಾರಾದರೂ ಗಣಪತಿ ಕೆತ್ತಿದ್ದಾರಾ?"

ಬಾಗಿಲಲ್ಲಿದ್ದ ಪೆದ್ದಪ್ಪ ಎಷ್ಟೋ ದಿನದ ಮೇಲೆ ನಕ್ಕ. "ಇದು ವೆಂಕಟರಮಣನ ಅಳತೆ ಸ್ವಾಮಿ. ಇದರಂಗೆ ಗಣಪತಿ ಕೆತ್ತಿದ್ರೆ ಹೊಟ್ಟೆ ಕರಗಿ ಪೈಲ್ವಾನ ಆಯ್ತಾನೆ. ಅಮ್ಮಂಗೆ ಯಾರೂ ಹೇಳಿಲ್ಲ, ಭಕ್ತಿ ಕೆಡಿಸಬಾರದು ಅಂತ."

"ಹಾಳೆಗಳನ್ನ ಆಮೇಲೆ ಎಸೀತೀರಾ?"

ಅನಸೂಯಮ್ಮ ಆಘಾತಗೊಂಡರು. "ದೇವರ ಹೆಸರು ಬರೆದ ಹಾಳೆ ಎಸೀತಾರಾ ಸಾರ್?"

ಬೀರು ತೆರೆದರು. ಮೊದಲ ದಿನದಿಂದ ಅಂದಿನವರೆಗಿನ ಗಣಪತಿಗಳು ಕುಂಕುಮ ಹಚ್ಚಿಕೊಂಡು ದಿನಾಂಕದ ಕ್ರಮದಲ್ಲಿ ಮಲಗಿದ್ದರು. ಅಮಾವಾಸ್ಯೆಯ ರಜೆ ಬಿಟ್ಟು ಒಂದು ದಿನವೂ ತಪ್ಪಿರಲಿಲ್ಲ. ಶ್ರೀನಿವಾಸಪ್ಪ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಮೇಲಿನಿಂದ ಒಂದೊಂದಾಗಿ ತಿರುವಿದ. ಎಡ ಮುಂಗೈ ಕಾಲು ಇಂಚು ಉದ್ದ. ಅದರ ಕೆಳಗಿನದೂ ಉದ್ದ. ಅದರ ಕೆಳಗಿನದೂ. ಒಟ್ಟು ಇನ್ನೂರ ಎಂಬತ್ತೊಂದು ಹಾಳೆಗಳವರೆಗೆ ಎಡಗೈ ಉದ್ದ. ಇನ್ನೂರ ಎಂಬತ್ತೆರಡನೆಯ ಹಾಳೆಯಲ್ಲಿ ಎರಡೂ ಕೈ ಸಮ. ಅಲ್ಲಿಂದ ಕೆಳಗೆ ಎಲ್ಲವೂ ಸಮ.

"ತಪ್ಪು ಶುರುವಾದ ದಿನ ಯಾವುದು?"

"ಜುಲೈ 30, 2002 ಸಾರ್. 29ನೇ ತಾರೀಕಿನದು ಸರಿ ಇದೆ."

ಎಂದರೆ 29ರ ಬೆಳಗಿನ ಹಾಳೆಗೂ 30ರ ಬೆಳಗಿನ ಹಾಳೆಗೂ ನಡುವೆ ಯಾರೋ ಈ ಕುರ್ಚಿಯಲ್ಲಿ ಕುಳಿತಿದ್ದರು. ಅಲ್ಲಿಂದ ಪ್ರತಿದಿನ ಆ ಕೇಡನ್ನು ಗಣಪತಿಯೇ ತನ್ನ ಕೈ ಮೇಲೆ ಹಾಕಿಕೊಂಡಿದ್ದ.

"ಹಾಗಾದ್ರೆ ಫೆಬ್ರವರಿ 6ರ ಮಧ್ಯಾಹ್ನ ಏನಾಯ್ತು?"

ಅನಸೂಯಮ್ಮನಿಗೆ ನೆನಪಿರಲಿಲ್ಲ. ವಿದ್ಯುತ್ ಸಬ್‌ಸ್ಟೇಷನ್ನಿನ ಲಾಗ್ ಪುಸ್ತಕಕ್ಕೆ ನೆನಪಿತ್ತು. ಅಂದು 2.15ರಿಂದ 2.50ರವರೆಗೆ ಶಿವಾರಪಟ್ಟಣದ ಲೈನು ಬಂದ್. ಬೇರೆ ದಿನ ಕಂಪ್ಯೂಟರಿನ ಬ್ಯಾಟರಿ ಸಾಕಾಗುತ್ತಿತ್ತು; ಕೆಲಸದ ಹೊತ್ತಿನಲ್ಲಿ ಅಷ್ಟು ಹೊತ್ತು ಕರೆಂಟು ಹೋದದ್ದು ಅದೊಂದೇ ಮಧ್ಯಾಹ್ನ. ಕರೆಂಟು ಬಂದ ಎಂಟು ನಿಮಿಷಕ್ಕೆ ವೆಂಕಟರಮಣನ ಹಾಳೆ ಪ್ರಿಂಟಾಗಿತ್ತು.

"ಕರೆಂಟು ಬಂದ ಮೇಲೆ ಮತ್ತೆ ಗಣಪತಿ ಹೊಡೀಲಿಲ್ವಾ?"

"ದಿನಕ್ಕೆ ಒಂದು ಸಲ ತಾನೆ ಸಾರ್ ಪೂಜೆ," ಎಂದರು ಅನಸೂಯಮ್ಮ. ಅಷ್ಟು ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

11.30ಕ್ಕೆ ಅಮರನಾಥನನ್ನು ಅದೇ ಕುರ್ಚಿಯಲ್ಲಿ ಕೂರಿಸಿದರು.

"ಶೀಟು ನೀವೇ ಮಾಡಿದ್ದು ಅಂದ್ರಿ. ತಪ್ಪಿರೋ ಪ್ರತಿ ಹಾಳೆಯಲ್ಲೂ ನಿಮ್ಮ ಹೆಸರಿದೆ. ಹಾಗಾದ್ರೆ ಎಡಗೈ ಉದ್ದ ಮಾಡಿದೋರೂ ನೀವೇ."

"ಅಯ್ಯೋ ಇಲ್ಲ ಸಾರ್."

"ಸರಿ. ಕುಂಬಳಕಾಯಿಗೆ ಕೈಕಾಲು ಬರೋ ಹಾಗೆ ಇದರಲ್ಲಿ ಒಂದು ಸಾಲು ಬರೆದು ತೋರಿಸಿ. ಶೀಟು ನಿಮ್ಮದೇ ಅಂತ ನಂಬ್ತೀನಿ."

ಅಮರನಾಥ್ ಕೀಲಿಮಣೆ ನೋಡಿದ. ಇನ್ಸ್‌ಪೆಕ್ಟರ್ ಮುಖ ನೋಡಿದ. ಎಕ್ಸೆಲ್ ತೆರೆಯಲು ಯಾವ ಗುಂಡಿ ಒತ್ತಬೇಕೆಂದೂ ಅವನಿಗೆ ತಿಳಿದಿರಲಿಲ್ಲ.

"ಯಾರು ಮಾಡಿದ್ದು?"

"ಮುಕುಂದ್ ಅಂತ. ಮುಳಬಾಗಿಲೋನು. ಎರಡು ತಿಂಗಳು ಇಲ್ಲಿಗೆ ಬಂದು ಮಾಡಿದ. ಕೊಡಬೇಕಾದ್ದು ಪೂರ್ತಿ ಕೊಟ್ಟಿದ್ದೀನಿ ಸಾರ್, ಸಹಿ ಇದೆ."

"ಜುಲೈ 29ಕ್ಕೆ ಬಂದಿದ್ನಾ?"

ಉತ್ತರ ಕೊಟ್ಟವರು ಅನಸೂಯಮ್ಮ. "ಬಂದಿದ್ದ ಸಾರ್. ಅದೇ ಕಡೇ ದಿನ. ಹಾಳೆ ಕೆಳಗೆ ಅವನು ಬೇರೆ ಹೆಸರು ಹಾಕಿದ್ದ, ಯಾವುದೋ ಆಚಾರ್ ಅಂತ. ಯಜಮಾನ್ರು ಅದನ್ನ ಅಳಿಸಿ ಇವರ ಹೆಸರು ಹಾಕು ಅಂದ್ರು. ಪಾಪ, ಅವನ ಕೈಲೇ ಹಾಕಿಸಿದ್ರು. 'ನಿನ್ನ ಕೆಲಸ ಮುಗೀತು, ಹೊರಡು' ಅಂದ್ರು."

"ಕೈ ಲೆಕ್ಕ ಕೂಡಲ್ಲ ಅಂತ ಪೆದ್ದಪ್ಪ ಬಂದು ಹೇಳಿದ್ದೂ ಕೇಳಿಸ್ಕೊಂಡ್ರಾ ನೀವು?"

ಅನಸೂಯಮ್ಮ ಯಜಮಾನನ ಕಡೆ ನೋಡದೆ ಹೌದೆಂದು ತಲೆಯಾಡಿಸಿದರು. ಮಧ್ಯಾಹ್ನ 12.05ಕ್ಕೆ ಹೇಳಿಕೆಗೆ ಸಹಿ ಹಾಕಿದರು.

ಮೇ 19, ಸೋಮವಾರ. ಮುಳಬಾಗಿಲಿನ ಮುಕುಂದನ ಮನೆ ಮುಂದೆ ಜೀಪು ನಿಂತಾಗ ಬೆಳಿಗ್ಗೆ 10.20. ಪಡಸಾಲೆಯಲ್ಲಿ ಎರಡು ಹಳೇ ಕಂಪ್ಯೂಟರ್, ಟೈಪಿಂಗ್ ಕಲಿಸುವ ಬೋರ್ಡು. ಮೂವತ್ತರ ಆಸುಪಾಸಿನ, ದಪ್ಪ ಕನ್ನಡಕದ ಮುಕುಂದ್ ಖಾಕಿ ನೋಡಿ ಎದ್ದು ನಿಂತ. ಓಡಲಿಲ್ಲ. ಹಾಗಾಗಿ ಈ ಕತೆಯಲ್ಲಿ ಬೆನ್ನಟ್ಟುವ ಭಾಗವಿಲ್ಲ. ಜೀಪಿನ ದೃಷ್ಟಿಯಿಂದ ಒಳ್ಳೆಯದೇ ಆಯಿತು.

"ಸೀತಾರಾಮ ರಾಯರ ಮೂರ್ತಿ ವಿಷಯ ತಾನೆ," ಎಂದ.

"ಗೊತ್ತಿತ್ತಾ?"

"ಎದುರು ಮನೆ ಸಾರ್. ಹೋದ ವಾರ ಇಡೀ ಬೀದಿ ಅದನ್ನೇ ಮಾತಾಡ್ತು. ಎಡಗೈ ಅಂದ ತಕ್ಷಣ ಗೊತ್ತಾಯ್ತು."

"ಬಂದು ಹೇಳಬೇಕು ಅನ್ನಿಸಲಿಲ್ವಾ? ಅಲ್ಲಿ ಒಬ್ಬ ಆಚಾರಿ ತಲೆ ಎತ್ತದ ಹಾಗಾಗಿದ್ದಾನೆ."

"ಮೂರು ಸಲ ಬಸ್ ಸ್ಟ್ಯಾಂಡಿಗೆ ಹೋದೆ. ಮಾಲೂರು ಬಸ್ಸು ಹತ್ತಲಿಲ್ಲ."

ಒಳಗಿನಿಂದ ಅವನ ತಾಯಿ ಸುಂದರಾಬಾಯಿ ಬಂದು ಕಂಬ ಹಿಡಿದು ನಿಂತರು. ಅವರ ಕೈಯಲ್ಲಿ ನೀರಿನ ಲೋಟ ಇತ್ತು. ಯಾರಿಗೆ ಕೊಡಬೇಕೆಂದು ತಿಳಿಯದೆ ಹಾಗೆಯೇ ಹಿಡಿದಿದ್ದರು. ಶ್ರೀನಿವಾಸಪ್ಪ ತೆಗೆದುಕೊಂಡು ಕುಡಿದ.

"ಯಾಕೆ ಮಾಡಿದೆ?"

"ಆ ಅಳತೆ ನಮ್ಮಜ್ಜಂದು ಸಾರ್. ಅಮ್ಮನ ತಂದೆ, ಗುರುರಾಜಾಚಾರ್. ಗುಡಿಗುಡಿ ಸುತ್ತಿ, ದಾರ ಹಿಡಿದು ಅಳೆದು, ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ರು. ಅದನ್ನ ಶೀಟಿಗೆ ಇಳಿಸಿದೆ. ಅವರ ಹೆಸರು ಕೆಳಗೆ ಒಂದು ಸಾಲು ಇರಲಿ ಅಂದೆ. ಅಷ್ಟೇ ಕೇಳಿದ್ದು."

"ಅದಕ್ಕೆ ದೇವರ ಕೈ ಕೆಡಿಸಿದೆ."

"ಕಲ್ಲು ಕೆಡಲಿ ಅಂತಲ್ಲ ಸಾರ್. ಎರಡು ಮುಂಗೈ ಸಮ ಇಲ್ಲದ ಕಾಗದ ಯಾವ ಆಚಾರಿ ಕೈಗೆ ಹೋದ್ರೂ ನೋಡಿದ ತಕ್ಷಣ ತಪ್ಪು ಅಂತಾನೆ. ಉಳಿ ಇಡಲ್ಲ. ಯಜಮಾನ್ರಿಗೆ ಸರಿಮಾಡೋಕೆ ಬರಲ್ಲ. ನನಗೆ ಫೋನ್ ಮಾಡ್ತಾರೆ. ಆಗ ಅಜ್ಜನ ಹೆಸರು ಹಾಕಿದ್ರೆ ಸರಿಮಾಡ್ತೀನಿ ಅನ್ನೋಣ ಅಂತಿದ್ದೆ. ಮಾರನೇ ದಿನವೇ ಬರುತ್ತೆ ಅಂದ್ಕೊಂಡೆ. ಹತ್ತು ತಿಂಗಳಾಯ್ತು. ಬರಲಿಲ್ಲ."

ಚನ್ನರಾಯಪ್ಪ ಗಣಪತಿ ಹಾಳೆಗಳ ವಿಷಯ ಹೇಳಿದರು. ದಿನದ ಮೊದಲ ಹಾಳೆ ಮಾತ್ರ ತಪ್ಪಾಗುತ್ತಿತ್ತು, ಉಳಿದದ್ದೆಲ್ಲ ಸರಿಯಾಗಿ ಬರುತ್ತಿತ್ತು ಎಂದರು. ಮುಕುಂದ್ ಕನ್ನಡಕ ತೆಗೆದು ಒರೆಸಿದ. ಬಹಳ ಹೊತ್ತು ಒರೆಸಿದ.

"ಮತ್ತೆ ಎಚ್ಚರ ಮಾಡೋ ಸಾಲು," ಎಂದ ಕೊನೆಗೆ. "ಹಾಕ್ಲೇ ಇಲ್ಲ ನಾನು. ಅವತ್ತು ಯಜಮಾನ್ರು ಹೊರಡು ಅಂತ ಬಾಗಿಲಲ್ಲೇ ನಿಂತಿದ್ರು."

10.55ಕ್ಕೆ ದಸ್ತಗಿರಿ. ಕಂಪ್ಯೂಟರ್ ಕಾಯ್ದೆ ಸೇರಿಸುವುದಾದರೆ ಡಿವೈಎಸ್‌ಪಿಯೇ ತನಿಖೆ ಮಾಡಬೇಕೆಂದು ಕೋಲಾರಕ್ಕೆ ಪತ್ರ ಹೋಯಿತು. ಎದುರು ಮನೆಯ ಜಗಲಿಯಲ್ಲಿ ಸೀತಾರಾಮ ರಾಯರು ನಿಂತಿದ್ದರು. ಪೆದ್ದಪ್ಪನ ಹೆಸರನ್ನು ದೂರಿನಿಂದ ಹೇಗೆ ತೆಗೆಸುವುದೆಂದು ಕೇಳಿದರು. ಶಿವಾರಪಟ್ಟಣಕ್ಕೆ ಹೋಗಿ ಅವನ ಮುಖ ನೋಡಿ ಹೇಳಿದರೆ ಸಾಕು, ಠಾಣೆಯದನ್ನು ನಾವು ಬರೆದುಕೊಳ್ಳುತ್ತೇವೆ ಎಂದರು ಇನ್ಸ್‌ಪೆಕ್ಟರ್.

ರಾಯರು ಅಂದೇ ಹೋಗಿ ಬಂದರು. ಹಿರಿಯರು ತಮ್ಮ ಮಾತು ಹಿಂತೆಗೆದುಕೊಂಡರು. ಸಂಜೆ 5.30ಕ್ಕೆ ಪೆದ್ದಪ್ಪ ಆಚಾರಿ ಮಾಲೂರು ಠಾಣೆಗೆ ಬಂದ. ಮುಖ ತೊಳೆದು, ಒಗೆದ ಅಂಗಿ ಹಾಕಿದ್ದ. ರೆಪ್ಪೆಯ ಮೇಲೆ ಪುಡಿ ಇರಲಿಲ್ಲವಾದ್ದರಿಂದ ಶ್ರೀನಿವಾಸಪ್ಪನಿಗೆ ಮೊದಲು ಗುರುತೇ ಸಿಗಲಿಲ್ಲ.

"ಆ ಹುಡುಗನ್ನ ನೋಡಬೌದಾ ಸ್ವಾಮಿ?"

"ಹೊಡೆಯೋ ಹಾಗಿಲ್ಲ ಆಚಾರ್ರೇ."

"ಹೊಡಿಯಾಕೆ ಬಂದಿಲ್ಲ. ಹೊಸ ಕಲ್ಲು ತಂದಿದ್ದೀನಿ. ಜೂನ್ 9ಕ್ಕೆ ಆಗಲ್ಲ, ರಾಯರು ಶ್ರಾವಣಕ್ಕೆ ಒಪ್ಪವ್ರೆ. ಕಣ್ಣು ನೀನೇ ತೆಗೀಬೇಕು ಅಂದವ್ರೆ."

ಲಾಕಪ್ಪಿನ ಮುಂದೆ ಹೋಗಿ ಪೆದ್ದಪ್ಪ ಕುಕ್ಕರಗಾಲಲ್ಲಿ ಕುಳಿತ. ಮುಕುಂದ್ ಗೋಡೆ ಕಡೆ ಮುಖ ಮಾಡಿದ್ದ.

"ಏನಪ್ಪ, ನನ್ನ ನಲವತ್ತು ವರ್ಷಾನ ತೊಳೆದುಬಿಡ್ತಿದ್ದೆ ನೀನು."

ಮುಕುಂದ್ ತಿರುಗಲಿಲ್ಲ. "ತಪ್ಪಾಯ್ತು," ಎಂದ. ಅದು ಗೋಡೆಗೆ ಹೇಳಿದ ಹಾಗಿತ್ತು.

"ಅದಿರಲಿ. ಒಂದು ಮಾತು ಕೇಳಬೇಕಿತ್ತು. ಎಡಗೈ ಒಂದು ಬಿಟ್ಟರೆ ಆ ಕಾಗದ ಚೆಂದಾಗಿತ್ತು ಕಣಪ್ಪ. ಗಲ್ಲದಿಂದ ಎದೆಗೆ ಬರೋ ಅಳತೆ ನಮ್ಮಪ್ಪ ಹೇಳಿಕೊಟ್ಟಿದ್ದಕ್ಕಿಂತ ಒಂದು ಕೂದಲು ಕಮ್ಮಿ. ಕೆತ್ತಿ ನೋಡಿದೆ. ಮೂರ್ತಿ ಉಸಿರು ಎಳಕೊಂಡಂಗೆ ಕಾಣ್ತದೆ. ಹೊಸದಕ್ಕೂ ಅದೇ ಹಾಕಬೇಕು ಅಂತಿದ್ದೀನಿ. ಕೇಳದಂಗೆ ಹಾಕಬಾರದು. ಯಾರದದು ಲೆಕ್ಕ?"

ಮುಕುಂದ್ ತಿರುಗಿದ. ಕಂಬಿ ಹಿಡಿದು ಕೆಳಗೆ ಕುಳಿತ.

"ಗುರುರಾಜಾಚಾರ್," ಎಂದ. "ನಮ್ಮ ಅಜ್ಜ."

"ಗುರುರಾಜಾಚಾರ್," ಎಂದು ಪೆದ್ದಪ್ಪ ಒಂದು ಸಲ ಬಾಯಲ್ಲಿ ಹೇಳಿಕೊಂಡ. "ಎದೆಯಿಂದ ಹೊಕ್ಕುಳಿಗೆ ಎಷ್ಟು ಭಾಗ ಇಡ್ತಿದ್ರು ಅವರು?"

ಇನ್ಸ್‌ಪೆಕ್ಟರ್ ಚನ್ನರಾಯಪ್ಪ ಕೇಸ್ ಡೈರಿ ಬರೆಯುತ್ತಿದ್ದರು. ಸಮಯ 5.50 ಎಂದು ಹಾಕಿ, ಆರೋಪಿಯನ್ನು ಪೆದ್ದಪ್ಪ ಆಚಾರಿ ಎಂಬವರು ಭೇಟಿಯಾದರೆಂದು ಒಂದು ಸಾಲು ಬರೆದರು. ಹದಿನೈದು ನಿಮಿಷ ಕಳೆದರೂ ಒಳಗಿನ ಮಾತು ನಿಂತಿರಲಿಲ್ಲ. ಶ್ರೀನಿವಾಸಪ್ಪ ಎಬ್ಬಿಸಲು ಹೊರಟಾಗ ಅವನನ್ನು ಕೈಸನ್ನೆ ಮಾಡಿ ಕೂರಿಸಿದರು.